ಕಡತಗಳಿಗೆ ಬೀಗ ಜಡಿಯುವ ರಾನ್ಸಮ್‌ವೇರ್: ರಕ್ಷಣೆ ಹೇಗೆ?

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮುಂತಾದ ಪಾವತಿ ಸೇವೆಗಳು ಸ್ಥಗಿತಗೊಂಡವು. ಸಹಕಾರಿ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾಗಿರುವ ಸಾಧ್ಯತೆ ಕಂಡುಬಂದ ಕಾರಣ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತ್ತು. ಮರುದಿನ ಸಂಪರ್ಕ ಮರಳಿತು.

ಬ್ಯಾಂಕುಗಳ ಬೆನ್ನಿಗೆ ಪರಿಣತರ ತಂಡವಿರುತ್ತದೆ. ಚಿಕ್ಕೋಡಿಯ ಫೋಟೊ ಸ್ಟುಡಿಯೊ, ನಿಪ್ಪಾಣಿಯ ತಂಬಾಕು ವ್ಯಾಪಾರಿ, ಅಥಣಿಯ ಚಪ್ಪಲಿ ತಯಾರಕ, ರಾಯಬಾಗ ಅಥವಾ ಕಾಗವಾಡದ ಡಿಟಿಪಿ ಅಂಗಡಿಯವರಿಗೆ ಆ ಅನುಕೂಲವಿಲ್ಲ. ಹತ್ತು ವರ್ಷಗಳ ಮದುವೆ ಚಿತ್ರಗಳೂ ಉದ್ರಿ ಲೆಕ್ಕವೂ ಒಂದೇ ರಾತ್ರಿಯಲ್ಲಿ ಕೈತಪ್ಪಬಹುದು.

ರಾನ್ಸಮ್‌ವೇರ್ ಎಂಬ ಕುತಂತ್ರಾಂಶವು ಕಡತಗಳನ್ನು ಗೂಢಲಿಪಿಗೆ ಬದಲಿಸಿ ಬೀಗ ಹಾಕುತ್ತದೆ. ಕೀಲಿಕೈ ದಾಳಿಕೋರನ ಬಳಿ ಉಳಿಯುತ್ತದೆ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ಹೀಗೆ ಒತ್ತೆಯಿಟ್ಟುಕೊಂಡು, ಬಿಡುಗಡೆಗೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ನುಸುಳಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಪರಿಹಾರ ಬಿಡುಗಡೆ ಮಾಡಿತ್ತು. ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ ಎಂಬುದನ್ನು ಹಳೆಯ ಯಂತ್ರಗಳ ಮಾಲೀಕರು ಗಮನಿಸಬೇಕು.

ಸಾಮಾನ್ಯ ಬಳಕೆದಾರರನ್ನು ಹೆಚ್ಚು ಕಾಡಿದ್ದು ಸ್ಟಾಪ್-ಡಿಜೆವಿಯು ಎಂಬ ತಳಿ. ಅದರ ಮುಖ್ಯ ದ್ವಾರವೇ ಕದ್ದ ತಂತ್ರಾಂಶಗಳ ‘ಕ್ರ್ಯಾಕ್’. ಪುಕ್ಕಟೆಯಾಗಿ ಸಿಕ್ಕ ಚಿತ್ರ ಸಂಸ್ಕರಣ ತಂತ್ರಾಂಶವೇ ಕೊನೆಗೆ ಬಲು ದುಬಾರಿಯಾಗುತ್ತದೆ! ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣದ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನೂ ತೆರೆಯಬಾರದು. ಅವು ಮೊಬೈಲಿನ ಮಾಹಿತಿ ಕದಿಯುತ್ತವೆ.

ನಿಜವಾದ ರಕ್ಷಣೆಯೆಂದರೆ ಮುಖ್ಯ ಕಡತಗಳ ಪ್ರತ್ಯೇಕ ಪ್ರತಿ. ಗಣಕಯಂತ್ರಕ್ಕೆ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕ್ ಇದಕ್ಕೆ ಸಾಲದು, ಏಕೆಂದರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಜಡಿಯುತ್ತದೆ. ವಾರಕ್ಕೊಮ್ಮೆ ನಕಲು ಮಾಡಿ, ಕೇಬಲ್ ಕಳಚಿ ತೆಗೆದಿಡಬೇಕು. ತೆಗೆದಿಟ್ಟ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದೂ ಅಗತ್ಯ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಪ್ರವಾಹ ಕಂಡ ಈ ಭಾಗದಲ್ಲಿ ಇನ್ನೊಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿರಿಸುವುದು ಲೇಸು. ಅಂತರ್ಜಾಲದ ಸಂಗ್ರಹ ಸೇವೆಗಳಲ್ಲಿ ಬೀಗ ಬಿದ್ದ ಕಡತವೂ ತಾನಾಗಿಯೇ ನಕಲಾಗಬಹುದು. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯವಿರುವ ಸೇವೆಯನ್ನೇ ಆರಿಸಿಕೊಳ್ಳಬೇಕು.

ದಾಳಿಯಾದರೆ ಮೊದಲು ಅಂತರ್ಜಾಲ ಸಂಪರ್ಕ ಕಡಿದು, ಪರದೆಯ ಮೇಲಿನ ಬೆದರಿಕೆ ಸಂದೇಶದ ಚಿತ್ರ ತೆಗೆದುಕೊಳ್ಳಬೇಕು. ರಿಪೇರಿ ಅಂಗಡಿಯವರು ಸೂಚಿಸಿದರೆಂದು ಕೂಡಲೇ ಫಾರ್ಮ್ಯಾಟ್ ಮಾಡಿಸಬಾರದು. ಹಣ ಕೊಟ್ಟರೂ ಕೀಲಿ ಸಿಗುವ ಖಾತ್ರಿಯಿಲ್ಲ. ಯುರೋಪೋಲ್ ಹಾಗೂ ಡಚ್ ಪೊಲೀಸರು ಭದ್ರತಾ ಸಂಸ್ಥೆಗಳೊಡಗೂಡಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಹಲವು ತಳಿಗಳಿಗೆ ಉಚಿತ ಕೀಲಿಗಳಿವೆ. ಡಿಜೆವಿಯುವಿನ ಹಳೆಯ ರೂಪಗಳಿಗೆ 2019ರಲ್ಲಷ್ಟೇ ಬಿಡುಗಡೆಯ ದಾರಿ ದೊರೆತದ್ದರಿಂದ, ಬೀಗ ಬಿದ್ದ ಕಡತಗಳನ್ನು ಅಳಿಸದೆ ಕಾದಿಡುವುದು ಜಾಣತನ. ದೂರನ್ನು ಬೆಳಗಾವಿಯ ಸಿಇಎನ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಖಾತೆಯಿಂದ ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.