ಬೇಡ ಮತ್ತು ಬೇಕು

ಕಲ್ಯಾಣ ನಗರದ ಬಳಿ ಹೊರವರ್ತುಲ ರಸ್ತೆಯನ್ನು ನಡೆದು ದಾಟುವವರಿಗೆ, ತಮ್ಮ ಪರ ಯಾರೂ ಇಲ್ಲವೇನೋ ಎನಿಸುವುದು ಸಹಜ. ಹಾಗೇನಿಲ್ಲ. 2013ರ ಅಕ್ಟೋಬರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವೂ ಸೈಕಲ್ ಮತ್ತು ಪರಿಸರದ ಸಂಘಗಳೂ ಕೂಡಿ ಕಬ್ಬನ್ ಪಾರ್ಕಿನಲ್ಲಿ 'ಸೈಕಲ್ ದಿನ' ಆರಂಭಿಸಿದವು. ಮುಂದೆ ಬಡಾವಣೆಗಳ ನಿವಾಸಿ ಸಂಘಗಳು ಅದನ್ನು ತಮ್ಮ ಬೀದಿಗಳಿಗೂ ತಂದವು. ಮೋಟಾರು ವಾಹನಗಳಿಲ್ಲದ ಭಾನುವಾರದ ಬೆಳಿಗ್ಗೆ ಮಕ್ಕಳು ಸೈಕಲ್ ತುಳಿದರು, ಹಿರಿಯರು ನಿಶ್ಚಿಂತೆಯಿಂದ ನಡೆದರು.

ಸಂಘಗಳು ಒಂದಾದರೆ ಏನಾಗುತ್ತದೆಂಬುದನ್ನು ಬೆಂಗಳೂರು 2016ರಲ್ಲಿ ಕಂಡಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಗೆ ಸರ್ಕಾರ ಸಿದ್ಧವಾಗಿತ್ತು. ಅದಕ್ಕಾಗಿ 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು 'ಬೇಡ' ಎಂದರು. 2017ರ ಮಾರ್ಚಿನಲ್ಲಿ ಯೋಜನೆ ರದ್ದಾಯಿತು.

'ಬೇಡ' ಎನ್ನುವಾಗ ದನಿ ಒಂದಾಗುತ್ತದೆ. 'ಬೇಕು' ಎನ್ನುವಾಗಲೇ ಕಷ್ಟ. ಒಬ್ಬರಿಗೆ ಸೈಕಲ್ ಪಥ, ಇನ್ನೊಬ್ಬರಿಗೆ ಫುಟ್‌ಪಾತ್, ಮತ್ತೊಬ್ಬರಿಗೆ ಮನೆ ಮುಂದೆ ಕಾರು ನಿಲ್ಲಿಸಲು ಜಾಗ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದು ದಿನವೂ ನಡೆಯುವವರು ನಾವು. ನಿವಾಸಿ ಸಂಘದ ಸಭೆಗಳಲ್ಲಿ ಹೆಣ್ಣುಮಕ್ಕಳು ಕೂತು ಮಾತಾಡಿದರೆ, ಮೊದಲು ಯಾವುದು ಬೇಕೆಂಬ ಜಗಳ ಅರ್ಧ ಕಡಿಮೆಯಾದೀತು.