ಸಿ. ವಿ. ವಿಶ್ವೇಶ್ವರ

ವಿಶ್ವೇಶ್ವರ, ಸಿ. ವಿ. (1938–2017): ಸೈದ್ಧಾಂತಿಕ ಭೌತವಿಜ್ಞಾನಿ. ಹುಟ್ಟಿದ್ದು ಬೆಂಗಳೂರಿನಲ್ಲಿ, ತಂದೆ ಸಾಹಿತಿ ಸಿ. ಕೆ. ವೆಂಕಟರಾಮಯ್ಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ‘ಭಾರತದ ಬ್ಲ್ಯಾಕ್ ಹೋಲ್ ಮನುಷ್ಯ’ ಎಂಬ ಬಿರುದು ಆಕರ್ಷಕವೇ ಸರಿ, ಆದರೆ ಅವರ ನಿಜವಾದ ಸಾಧನೆ ಅದರಲ್ಲಿ ಮರೆಯಾಗುತ್ತದೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇದೆಯೋ ಇಲ್ಲವೋ ಎಂದು ವಿಜ್ಞಾನಿಗಳೇ ಅನುಮಾನಿಸುತ್ತಿದ್ದಾಗ, ಅದನ್ನು ಕದಲಿಸಿದರೆ ಏನಾಗುತ್ತದೆ ಎಂದು ಕೇಳಿದವರು ಅವರು. ತಿರುಗದ ಕಪ್ಪುಕುಳಿ ಸಣ್ಣ ಕ್ಷೋಭೆಗೆ ಕುಸಿಯದೆ ಸ್ಥಿರವಾಗಿ ಉಳಿಯುತ್ತದೆಂದು 1970ರಲ್ಲಿ ತೋರಿಸಿದರು. ಅದೇ ವರ್ಷ, ಗುರುತ್ವ ಅಲೆಯ ಪೆಟ್ಟು ಬಿದ್ದ ಕಪ್ಪುಕುಳಿ, ಬಡಿದ ಗಂಟೆಯ ನಾದದಂತೆ ಕ್ರಮೇಣ ಅಡಗುವ ಕಂಪನವನ್ನು ಹೊಮ್ಮಿಸುತ್ತದೆಂದೂ ಕಂಡುಕೊಂಡರು. ಆ ಕಂಪನದ ಆವರ್ತಾಂಕವನ್ನು ನಿರ್ಧರಿಸುವುದು ಕುಳಿಯ ಗುಣವೇ ಹೊರತು ಪೆಟ್ಟಿನ ಬಗೆಯಲ್ಲ.

ಈ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಭೌತವಿಜ್ಞಾನಿಗಳಾದ ರೆಜ್ಜೆ ಮತ್ತು ವೀಲರ್, ಮುಂದೆ ಬೆಳೆಸಿದವರು ಚಂದ್ರಶೇಖರ್ ಮೊದಲಾದವರು, ಹೀಗಿರುವಾಗ ಶ್ರೇಯಸ್ಸು ಒಬ್ಬರಿಗೇ ಏಕೆ ಎಂದು ಕೇಳಬಹುದು. ಆಕ್ಷೇಪ ಅರ್ಧ ಸರಿ. ಸಮೀಕರಣ ಹಳೆಯದೇ, ಅದರೊಳಗಿನ ನಾದವನ್ನು ಮೊದಲು ಗುರುತಿಸಿದ್ದು ಮಾತ್ರ ವಿಶ್ವೇಶ್ವರ. ಸ್ವದೇಶಕ್ಕೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದರು. ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದರು. ಗುರುತ್ವ ಅಲೆಗಳನ್ನು ಪತ್ತೆಹಚ್ಚುವ ಲೈಗೊ ವೀಕ್ಷಣಾಲಯ 2015ರ ಸೆಪ್ಟೆಂಬರ್ 14ರಂದು ಹಿಡಿದ ಮೊದಲ ಗುರುತ್ವ ಅಲೆಯ ಕೊನೆಯ ಭಾಗ ಇಂಥ ಕಂಪನಕ್ಕೆ ಹೊಂದಿಕೆಯಾಗಿತ್ತು. ಆ ಸುದ್ದಿ 2016ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ವಿಶ್ವೇಶ್ವರ ತೀರಿಕೊಂಡದ್ದು 2017ರ ಜನವರಿಯಲ್ಲಿ.