ಖಾತೆ ತೆಗೆಯುವುದು

ರಾಜಕೀಯ ಪುಟದಲ್ಲಿ ಹೊಸ ಸಚಿವರು ಪ್ರಬಲ ಖಾತೆಗೆ ಪಟ್ಟು ಹಿಡಿದಿರುತ್ತಾರೆ. ‘ಖಾತೆ ಕ್ಯಾತೆ’ ಎಂಬ ಶೀರ್ಷಿಕೆ ಉಪಸಂಪಾದಕರ ಮೇಜಿನ ಮೇಲೆ ಸದಾ ಸಿದ್ಧ. ಆಟದ ಪುಟದಲ್ಲಿ ಆರಂಭಿಕ ಬ್ಯಾಟರ್ ಖಾತೆ ತೆರೆಯದೆಯೇ ಪೆವಿಲಿಯನ್ನಿಗೆ ಮರಳಿರುತ್ತಾನೆ. ನಗರದ ಪುಟದಲ್ಲಿ ಇ-ಖಾತಾ ಸಿಗದ ನಿವೇಶನದಾರರ ಗೋಳು, ಅಪರಾಧದ ಪುಟದಲ್ಲಿ ಯಾರದೋ ಹೆಸರಲ್ಲಿ ನಕಲಿ ಖಾತೆ ತೆರೆದು ಹಣ ಕೇಳಿದವನ ಸುದ್ದಿ. ಎರಡೇ ಅಕ್ಷರದ ಪದವೊಂದು ಇಷ್ಟು ಕಡೆ ದುಡಿಯುವುದು ಅಪರೂಪ. ಮರಾಠಿ, ಹಿಂದಿಗಳಲ್ಲೂ ಇದರ ಒಡಹುಟ್ಟುಗಳಿವೆ. ನಮ್ಮಲ್ಲಿ ಅನೇಕರು ಮಹಾಪ್ರಾಣ ಬಿಟ್ಟು ‘ಕಾತೆ’ ಎನ್ನುತ್ತಾರೆ. ಅದರಿಂದ ಪದದ ಕೆಲಸವೇನೂ ನಿಂತಿಲ್ಲ.

ಬಹುಕಾಲ ಬ್ಲಾಗಿನಲ್ಲೇ ಬರೆದುಕೊಂಡಿದ್ದು, ಗೆಳೆಯರ ಒತ್ತಾಯಕ್ಕೆ ತಡವಾಗಿ ಫೇಸ್‌ಬುಕ್ಕಿನ ಬಾಗಿಲಿಗೆ ಹೋದವನು ನಾನು. ಮೊದಲು ಎದುರಾದದ್ದೇ ‘ಹೊಸ ಖಾತೆ ರಚಿಸಿ’ ಎಂಬ ಹಸಿರು ಗುಂಡಿ. ಬ್ಲಾಗು ಶುರುಮಾಡಿದಾಗಲೂ ಖಾತೆಯೊಂದನ್ನು ತೆರೆದೇ ಇದ್ದೆ. ಆದರೆ ಆಗ ತಲೆಯಲ್ಲಿದ್ದದ್ದು ಬ್ಲಾಗಿಗೆ ಏನು ಹೆಸರಿಡಲಿ, ಮೊದಲು ಏನು ಬರೆಯಲಿ ಎಂಬುದಷ್ಟೇ. ಇಲ್ಲಿ ಹುಟ್ಟಿದ ದಿನ, ಓದಿದ ಶಾಲೆ, ಇರುವ ಊರು, ಮದುವೆಯ ಸ್ಥಿತಿ ಎಲ್ಲ ವಿಚಾರಣೆಯಾದ ಮೇಲೆ, ಕಡೆಯಲ್ಲಿ, ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು.

ಈ ವ್ಯತ್ಯಾಸ ಅರ್ಥವಾಗಬೇಕಾದರೆ ಹಳೆಯ ಮಂಡಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಹೋಗಬೇಕು. ಅಲ್ಲಿ ಮುಖ್ಯವಾಗಿ ಎರಡು ಪುಸ್ತಕ. ಒಂದು ರೋಜುಕಿರ್ದಿ, ಇನ್ನೊಂದು ಖಾತೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಎರಡಕ್ಕೂ ಅರಿಶಿನ ಕುಂಕುಮ ಬೀಳುತ್ತದೆ, ಸ್ವಭಾವ ಮಾತ್ರ ಬೇರೆ. ಕಿರ್ದಿ ನಡೆಯುವುದು ತಾರೀಖಿನ ಪ್ರಕಾರ: ಇವತ್ತು ಏನು ಬಂತು, ಏನು ಹೋಯಿತು. ಖಾತೆ ನಡೆಯುವುದು ಆಸಾಮಿಯ ಪ್ರಕಾರ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ, ನೆತ್ತಿಯ ಮೇಲೆ ಅವನ ಹೆಸರು, ಕೆಳಗೆ ಅವನ ಜಮಾ, ಅವನ ಖರ್ಚು, ಅವನ ಬಾಕಿ.

ಬ್ಲಾಗು ಹುಟ್ಟಿನಿಂದಲೇ ಕಿರ್ದಿ. ಹಡಗಿನ ಕಪ್ತಾನರು ಬರೆದಿಡುತ್ತಿದ್ದ ದಿನವಹಿಗೆ ಇಂಗ್ಲಿಷಿನಲ್ಲಿ ಲಾಗ್ ಎನ್ನುತ್ತಾರೆ. 1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ಅದರ ಮೊದಲಿಗೆ ವೆಬ್ ಸೇರಿಸಿ ‘ವೆಬ್‌ಲಾಗ್’ ಮಾಡಿದ. 1999ರಲ್ಲಿ ಪೀಟರ್ ಮೆರ್‌ಹೋಲ್ಟ್ಸ್ ಅದನ್ನು ತಮಾಷೆಗೆ ‘ವೀ ಬ್ಲಾಗ್’ ಎಂದು ಒಡೆದ. ಮುಂಭಾಗ ಉದುರಿ ಬಾಲ ಉಳಿಯಿತು. ಇವತ್ತಿನ ಬರಹ ಮೇಲೆ, ನಿನ್ನೆಯದು ಕೆಳಗೆ, ಪಕ್ಕದಲ್ಲಿ ತಿಂಗಳುಗಳ ಪಟ್ಟಿ: ಥೇಟು ಕಿರ್ದಿಯ ಶಿಸ್ತು. ಓದುಗ ಬಂದರೂ ಬಾರದಿದ್ದರೂ ತಾರೀಖು ತನ್ನ ಪಾಡಿಗೆ ಕೂತಿರುತ್ತದೆ.

ಸಾಮಾಜಿಕ ಜಾಲತಾಣಗಳದ್ದು ಖಾತೆಯ ಲೋಕ. ಅಲ್ಲಿ ತಾರೀಖಿಗೆ ಬೆಲೆಯಿಲ್ಲ. ಮೂರು ದಿನದ ಹಿಂದಿನದು ಇವತ್ತು ಮೇಲೆ ಬರಬಹುದು, ಈಗಷ್ಟೇ ಬರೆದದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಲೆಕ್ಕವೆಲ್ಲ ಆಸಾಮಿಯದು: ಇವನಿಗೆ ಎಷ್ಟು ಮಂದಿ ಗೆಳೆಯರು, ಎಷ್ಟು ಲೈಕು, ಎಷ್ಟು ಹಿಂಬಾಲಕರು. ಹಿಂಬಾಲಕ ಎಂದರೆ ಮೊನ್ನೆಮೊನ್ನೆಯವರೆಗೆ ಶಾಸಕರ ಕಾರಿನ ಹಿಂದೆ ಇನ್ನೊಂದು ಕಾರಿನಲ್ಲಿ ಹೋಗುತ್ತಿದ್ದವನು. ಈಗ ಅಡುಗೆಯ ವಿಡಿಯೊ ಹಾಕುವ ಅತ್ತಿಗೆಗೂ ಸಾವಿರಗಟ್ಟಲೆ ಹಿಂಬಾಲಕರು! ಹೊಸಬನಾದ ನನಗೆ ಸಿಕ್ಕ ಆರಂಭದ ಶಿಲ್ಕು ಸೊನ್ನೆ. ಬ್ಲಾಗಿನ ಬರಹಗಳೆಲ್ಲ ಆ ಪುಸ್ತಕದಲ್ಲಿ ಜಮಾ ಆಗುವ ಸರಕಲ್ಲ. ಅಲ್ಲಿಗೆ ಕೊಂಡಿ ಹಾಕಿದರೂ ಹಳಬರು ಎಚ್ಚರಿಸುತ್ತಿದ್ದರು: “ಲಿಂಕ್ ಪೋಸ್ಟಿನಲ್ಲಿ ಹಾಕಬೇಡಿ ಸಾರ್, ಮೊದಲ ಕಮೆಂಟಿನಲ್ಲಿ ಹಾಕಿ. ಹೊರಗೆ ಹೋಗೋರನ್ನ ಇವರು ಇಷ್ಟಪಡಲ್ಲ.”

ಟ್ವಿಟರ್ ಇನ್ನೂ ಜಿಪುಣ. ಅಲ್ಲಿ ಮೊದಲಿದ್ದದ್ದು 140ರ ಮಿತಿ, 2017ರ ನವೆಂಬರಿನಲ್ಲಿ 280 ಆಯಿತು. ನಾವು ಒಂದಕ್ಷರ ಎಂದುಕೊಳ್ಳುವ ‘ಸ್ತ್ರೀ’ ಅಲ್ಲಿನ ಲೆಕ್ಕದಲ್ಲಿ ಆರು, ಏಕೆಂದರೆ ಯೂನಿಕೋಡಿನಲ್ಲಿ ವ್ಯಂಜನ, ಒತ್ತಿನ ಗುರುತು, ಸ್ವರಚಿಹ್ನೆ ಎಲ್ಲ ಬೇರೆಬೇರೆ ಸಂಕೇತ. ‘ಖಾತೆ’ಗೇ ನಾಲ್ಕು ಖರ್ಚು. ಒತ್ತಕ್ಷರ ಪ್ರಿಯರಾದ ನಮ್ಮ ವಿಮರ್ಶಕರು ಅಲ್ಲಿ ಬೇಗ ಬಡವರಾದರು.

ಇಷ್ಟೆಲ್ಲ ಓಡಾಡಿದರೂ ಈ ಪದ ಒಂದು ಗುಣ ಬಿಟ್ಟಿಲ್ಲ. ಖಾತೆ ಇರುವುದು ಯಾವಾಗಲೂ ಇನ್ನೊಬ್ಬರ ಪುಸ್ತಕದಲ್ಲಿ. ಗಿರಾಕಿಯ ಖಾತೆ ಸಾಹುಕಾರನ ಬಳಿ, ಠೇವಣಿದಾರನದು ಬ್ಯಾಂಕಿನಲ್ಲಿ, ಬ್ಯಾಟರನದು ಸ್ಕೋರರನ ಕೈಯಲ್ಲಿ, ಸಚಿವರದು ಮುಖ್ಯಮಂತ್ರಿಯ ಮನಸ್ಸಿನಲ್ಲಿ. ‘ನನ್ನ ಖಾತೆ’ ಎನ್ನುವಾಗ ಆ ‘ನನ್ನ’ ಎಂಬುದು ಪುಟದ ನೆತ್ತಿಯ ಹೆಸರಷ್ಟೇ, ಪುಸ್ತಕವಲ್ಲ. ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ತಿ ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂದು ಪಾಲಿಕೆ ಇಟ್ಟುಕೊಂಡ ದಾಖಲೆ ಖಾತೆ. ಅದೇ ಹಕ್ಕುಪತ್ರವಲ್ಲ, ಕ್ರಯಪತ್ರ ಬೇರೆಯೇ ಇರಬೇಕು. ಬಿ ಖಾತಾದವರಿಂದ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಹಾಗೆಂದು ಅದು ಸಕ್ರಮವಾಯಿತು ಎಂದು ಒಪ್ಪುವುದಿಲ್ಲ. ಫೇಸ್‌ಬುಕ್ಕಿನ ಷರತ್ತುಗಳೂ, ಬರೆದದ್ದು ನಿಮ್ಮದೇ ಎನ್ನುತ್ತವೆ. ಖಾತೆಯನ್ನು ಮಾತ್ರ ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಬಿ ಖಾತಾ ಸೈಟಾದರೆ ಮಾರಲಾದರೂ ಬರುತ್ತದೆ.

ಪುಸ್ತಕದ ಒಡೆಯ ಅಂಗಡಿ ಮುಚ್ಚಿದರೆ ಪುಟಗಳ ಗತಿಯೂ ಅಷ್ಟೇ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ. ಬೆಂಗಳೂರಿನದೇ ಕೂಸಾದ ‘ಕೂ’ 2020ರಲ್ಲಿ ಮೊದಲು ದನಿ ತೆಗೆದದ್ದೇ ಕನ್ನಡದಲ್ಲಿ. ನಮ್ಮ ಮಂತ್ರಿಗಳು, ನಟರು, ಸಾಹಿತಿಗಳು ಹಳದಿ ಹಕ್ಕಿಯ ಬಳಿ ಖಾತೆ ತೆರೆದರು. 2024ರ ಜುಲೈನಲ್ಲಿ ಅದೂ ಕದ ಹಾಕಿತು. ಬ್ಲಾಗಿಗರು ಇಲ್ಲಿ ಬೀಗಬೇಕಾಗಿಲ್ಲ. 2003ರಲ್ಲಿ ಗೂಗಲ್ ಕೊಂಡುಕೊಂಡ ಬ್ಲಾಗರ್ ಸೇವೆಯಲ್ಲಿ ಪುಕ್ಕಟೆ ಬರೆಯುವ ನಾವು ಕೂತಿರುವುದೂ ಇನ್ನೊಬ್ಬರ ಜಗಲಿಯ ಮೇಲೆಯೇ. ಬರೆದದ್ದನ್ನೆಲ್ಲ ಇಳಿಸಿಕೊಂಡು ಸ್ವಂತ ತಾಣಕ್ಕೆ ಗಂಟುಕಟ್ಟುವ ದಾರಿ ಇದೆ ಎಂಬುದೊಂದು ಧೈರ್ಯ. ಅಂತರಜಾಲದಲ್ಲಿ ಬರೆಯುವವರು ಮೊದಲು ಕಲಿಯಬೇಕಾದದ್ದು ಆ ದಾರಿಯನ್ನು, ಹಿಂಬಾಲಕರನ್ನು ಹೆಚ್ಚಿಸುವ ಉಪಾಯವನ್ನಲ್ಲ ಎಂದು ನನಗೆ ಅನ್ನಿಸುತ್ತದೆ.

ಹಳ್ಳಿಗಳಲ್ಲಿ ಪೌತಿ ಖಾತೆ ಎಂಬುದೊಂದಿದೆ. ಪೌತಿ ಎಂದರೆ ಸಾವು. ಹಿರಿಯರು ತೀರಿಕೊಂಡ ಮೇಲೆ ಜಮೀನು ವಾರಸುದಾರರ ಹೆಸರಿಗೆ ಆಗುವ ಬಗೆ ಇದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅಲೆಯಬೇಕು. ಅಲೆಯಲಾರದೆಯೋ ಅಣ್ಣತಮ್ಮಂದಿರು ಒಪ್ಪದೆಯೋ ಎಷ್ಟೋ ಪಹಣಿಗಳಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ. ಜಾಲತಾಣದಲ್ಲೂ ಎಷ್ಟೋ ಮಂದಿಯ ಸ್ಥಿತಿ ಅದೇ. ತೀರಿಕೊಂಡವರಿಗೂ ವರ್ಷವರ್ಷ ಹುಟ್ಟುಹಬ್ಬದ ಶುಭಾಶಯ ಬೀಳುತ್ತಿರುತ್ತದೆ. ಫೇಸ್‌ಬುಕ್ 2015ರಲ್ಲಿ ಇದಕ್ಕೊಂದು ಏರ್ಪಾಡು ತಂದಿತು. ತನ್ನ ನಂತರ ಖಾತೆ ನೋಡಿಕೊಳ್ಳುವವರನ್ನು ಬದುಕಿರುವಾಗಲೇ ಹೆಸರಿಸಬಹುದು. ಹಾಗೆ ನೇಮಕವಾದವರು ಚಿತ್ರ ಬದಲಿಸಬಹುದು, ಒಂದು ಮಾತು ಬರೆದು ಮೇಲೆ ಅಂಟಿಸಬಹುದು. ಒಳಗೆ ಲಾಗಿನ್ ಆಗುವಂತಿಲ್ಲ, ಹಳೆಯ ಸಂದೇಶ ಓದುವಂತಿಲ್ಲ. ಬೇಲಿ ನೋಡಿಕೊಳ್ಳಬಹುದು, ಹೊಲ ಉಳುವಂತಿಲ್ಲ. ಖಾಸಗಿ ಸಂದೇಶಗಳ ಮಟ್ಟಿಗೆ ಇದು ಒಳ್ಳೆಯದೇ ಬಿಡಿ.

ಇನ್ನು ಕ್ರಿಯಾಪದದ ಪಜೀತಿ. ಬ್ಯಾಂಕಿನವರು, ಪತ್ರಿಕೆಯವರು ಖಾತೆ ‘ತೆರೆ’ಯುತ್ತಾರೆ. ಜನ ‘ತೆಗೆ’ಯುತ್ತಾರೆ. ಬಾಗಿಲು ತೆಗೆ, ಅಂಗಡಿ ತೆಗೆ ಎಂದರೆ ತೆರೆಯುವುದು. ಕಳೆ ತೆಗೆ, ಕೆಲಸದಿಂದ ತೆಗೆ ಎಂದರೆ ಕಿತ್ತುಹಾಕುವುದು. ಹೀಗಾಗಿ ಯಾರಾದರೂ “ಫೇಸ್‌ಬುಕ್ ಖಾತೆ ತೆಗೆದೆ ಮಾರಾಯ” ಎಂದರೆ ಅಭಿನಂದನೆ ಹೇಳುವ ಮುನ್ನ ಮುಖ ನೋಡಬೇಕು. ಹೊಸದಾಗಿ ಬಂದವನೋ, ಬೇಸತ್ತು ಹೊರಟವನೋ? ಅಳಿಸಲು ಕೇಳಿಕೊಂಡವರಿಗೆ ಮನಸ್ಸು ಬದಲಿಸಲು ಫೇಸ್‌ಬುಕ್ 30 ದಿನ ಕೊಡುತ್ತದೆ. ಅಷ್ಟು ದಿನ ಅವನಿಗೇ ತಾನು ಯಾವ ಅರ್ಥದಲ್ಲಿ ತೆಗೆದೆ ಎಂಬುದು ಖಾತ್ರಿಯಿರುವುದಿಲ್ಲ.